ಸಂಬಳ ನಿಂತರೆ ಜೀವನಾಂಶವೂ ನಿಲ್ಲುತ್ತಾ?

ಮೊನ್ನೆ ಟೀ ಕುಡಿಯೋವಾಗ ಗೆಳೆಯನೊಬ್ಬ "ಪೇಪರ್ ಹಾಕ್ತಿದೀನಿ ಕಣೋ" ಅಂದ. ಎರಡನೇ ಮದುವೆಯ ಮಗುವಿಗೆ ಈಗ ಎಂಟು ತಿಂಗಳು. ಹೆಂಡತಿ ಕೆಲಸಕ್ಕೆ ವಾಪಸ್ ಹೋಗ್ತಾಳಂತೆ, ಮಗುವನ್ನ ಇವನು ನೋಡ್ಕೋತಾನಂತೆ. ಒಳ್ಳೇದೇ ಅಲ್ವಾ... ಆದ್ರೆ ಮೊದಲ ಮದುವೆಯ ಮಗಳಿಗೆ ಕೋರ್ಟ್ ಆದೇಶದಂತೆ ತಿಂಗಳು ತಿಂಗಳು ಕಳಿಸ್ತಿದ್ದ ದುಡ್ಡು?

"ಸಂಬಳವೇ ಇಲ್ಲ ಅಂದ್ಮೇಲೆ ಎಲ್ಲಿಂದ ಕಳಿಸ್ಲಿ?" ಅಂದುಬಿಟ್ಟ.

ನಾನು ಸುಮ್ಮನಾದೆ. ಯಾಕಂದ್ರೆ ನಾನೂ ಒಬ್ಬ ಅಪ್ಪನ 'ಮೊದಲ ಸಂಸಾರ'ದ ಮಗ. ನಾನು ಆರನೇ ಕ್ಲಾಸಲ್ಲಿದ್ದಾಗ ಅಪ್ಪ ಕೆಲಸ ಬಿಟ್ರು, ದುಡ್ಡು ಬರೋದು ನಿಂತಿತು. ಕೋರ್ಟು, ವಕೀಲರು ಅಂತ ಮತ್ತೆ ಅಲೆಯೋ ಶಕ್ತಿ ಅಮ್ಮನಿಗಿರಲಿಲ್ಲ. ಆ ವರ್ಷ ಬಳೆ ಅಡವಿಟ್ಟು ನನ್ನ ಫೀಸು ಕಟ್ಟಿದಳು.

ಅವತ್ತು ರಾತ್ರಿ ಕೂತು ಕಾನೂನು ಓದಿದೆ. ಹಳೇ ಸಿಆರ್‌ಪಿಸಿಯ 125ನೇ ಸೆಕ್ಷನ್ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್‌ನ 144 ಆಗಿದೆ. ಕೆಲಸ ಬಿಟ್ಟ ಮಾತ್ರಕ್ಕೆ ಆದೇಶ ತಾನಾಗೇ ರದ್ದಾಗಲ್ಲ! ಪರಿಸ್ಥಿತಿ ಬದಲಾಗಿದೆ ಅಂತ 146ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಬೇಕು. ಕೋರ್ಟ್ ಬದಲಾಯಿಸೋ ತನಕ ಹಳೇ ಮೊತ್ತವೇ ಬಾಕಿಯಾಗಿ ಬೆಳೀತಾ ಹೋಗುತ್ತೆ. ಸರಿಯಾದ ಕಾರಣ ಇಲ್ಲದೆ ಕೊಡದಿದ್ರೆ ವಾರಂಟು, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲೂ ಆಗಬಹುದು.

ಕೋರ್ಟ್ ನೋಡೋದು ಬರೀ ಪೇ ಸ್ಲಿಪ್ ಅಲ್ಲ, ದುಡಿಯೋ ಶಕ್ತಿಯನ್ನೂ. ಸೇನೆಯಿಂದ ನಿವೃತ್ತನಾದ ಅಂತ ಒಬ್ಬನ ಹೆಂಡತಿಯ ಜೀವನಾಂಶವನ್ನ ಹೈಕೋರ್ಟ್ 4,000ದಿಂದ 2,000 ರೂಪಾಯಿಗೆ ಇಳಿಸಿತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪದೆ ಮತ್ತೆ 4,000ಕ್ಕೇ ತಂದಿತು.

ಹಾಗಂತ ಎರಡನೇ ಸಂಸಾರ ಲೆಕ್ಕಕ್ಕೇ ಇಲ್ಲ ಅಂತಲ್ಲ. 2017ರ ಇನ್ನೊಂದು ಕೇಸಲ್ಲಿ ಗಂಡ ಮರುಮದುವೆಯಾಗಿ ಮಗುವಾಗಿದೆ ಅನ್ನೋದನ್ನ ಗಮನಿಸಿ, 23,000 ಇದ್ದದ್ದನ್ನ ಸುಪ್ರೀಂ ಕೋರ್ಟೇ 20,000 ಮಾಡಿತು. ಕಡಿಮೆ ಆಯ್ತು, ಸೊನ್ನೆ ಆಗಲಿಲ್ಲ.

ಮಾರನೇ ದಿನ ಇದನ್ನೆಲ್ಲ ಅವನಿಗೆ ಹೇಳಿದೆ. "ಮಗು ನೋಡ್ಕೊಳ್ಳೋದು ತಪ್ಪಲ್ಲ ಮಾರಾಯ. ಕೋರ್ಟಿಗೆ ಹೋಗಿ ಇದ್ದದ್ದು ಇದ್ದಂಗೆ ಹೇಳು. ಅಲ್ಲೀವರೆಗೆ ಉಳಿತಾಯದಿಂದಾದ್ರೂ ಕಳಿಸು" ಅಂದೆ. ಅಮ್ಮನ ಬಳೆ ವಿಷಯ ಮಾತ್ರ ಹೇಳಲಿಲ್ಲ, ಯಾಕೋ ಬಾಯಿ ಬರಲಿಲ್ಲ.

"ನೋಡೋಣ" ಅಂದ. ಅಪ್ಪನೂ ಅಮ್ಮನಿಗೆ ಹಾಗೇ ಅಂದಿದ್ರಂತೆ...

ಜೂನ್‌ನಲ್ಲಿ ಆ ಹುಡುಗಿಗೆ ಸ್ಕೂಲ್ ಫೀಸು ಕಟ್ಟಬೇಕು.