ಹೊಳೆ ದಾಟಿದ ಬೆಕ್ಕುಗಳು

ಬೆಳಗಾವಿಯ ಕಡೆಯಿಂದ ಗೋಕಾಕಕ್ಕೆ ಬರುವ ಪ್ರವಾಸಿಗರು ಮೊದಲು ನೋಡಬಯಸುವುದು ಜಲಪಾತವನ್ನು. ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿದುಬಂದ ಘಟಪ್ರಭೆ ಇಲ್ಲಿ ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಸುಮಾರು 52 ಮೀಟರು ಆಳಕ್ಕೆ ಧುಮುಕುತ್ತದೆ. ಮಳೆಗಾಲದ ಕೆನ್ನೀರು, ಅದರ ಮೇಲೆ ತೂಗುಸೇತುವೆ, ದಂಡೆಯಲ್ಲಿ ಚಾಲುಕ್ಯರ ಕಾಲದ ದೇವಾಲಯ, ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಸ್ಥಾಪನೆಗೊಂಡ ನೂಲಿನ ಗಿರಣಿ, ಇವಿಷ್ಟನ್ನು ಕಂಡು, ಊರೊಳಗೆ ಬಂದು ಕರದಂಟಿನ ಪೊಟ್ಟಣವನ್ನೂ ಬಣ್ಣ ಬಳಿದ ಮರದ ಹಣ್ಣುಗಳನ್ನೂ ಕೊಂಡರೆ ಗೋಕಾಕದ ದರ್ಶನ ಮುಗಿಯಿತೆಂದು ಅವರ ಭಾವನೆ.

ಆದರೆ ಯಾವ ಊರನ್ನೇ ಆಗಲಿ ದೀಪ ಹಚ್ಚುವ ಹೊತ್ತಿನಲ್ಲಿ, ಹಿತ್ತಿಲ ಓಣಿಗಳಲ್ಲಿ ನಡೆದು ನೋಡಬೇಕು. ಅಡತಿ ಅಂಗಡಿಗಳ ಬಾಗಿಲು ಮುಚ್ಚುವ ಸಮಯಕ್ಕೆ ಬೆಲ್ಲದ ಪೆಂಟಿಗಳ ಸಂದಿಯಿಂದ ಒಂದು ಬಾಲ ಕಾಣಿಸುತ್ತದೆ. ಖಾನಾವಳಿಯ ಹಿಂದೆ, ಮಟನ್ ಅಂಗಡಿಯ ಕಟ್ಟೆಯ ಕೆಳಗೆ, ಗೋದಾಮಿನ ತಗಡಿನ ಮೇಲೆ ಎರಡೆರಡು ಕಣ್ಣುಗಳು ಹೊಳೆಯುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಾಳುಕಡಿ, ಬೆಲ್ಲ, ಗೋವಿನಜೋಳಗಳ ವ್ಯಾಪಾರದಿಂದ ಬದುಕುವ ಪೇಟೆಗಳು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಈ ಬೆಕ್ಕುಗಳೆಲ್ಲ ಒಂದೇ ಜಾತಿಯವೆಂದು ತಿಳಿಯಬಾರದು. ಮನೆಯಲ್ಲಿ ಹುಟ್ಟಿ ಒಲೆಯ ಪಕ್ಕದಲ್ಲಿ ಮಲಗುವ ಬೆಕ್ಕು ಒಂದು. ನಾಲ್ಕು ಮನೆಯ ಹಾಲನ್ನ ಉಂಡು ಯಾರದೂ ಆಗದ ಬೆಕ್ಕು ಇನ್ನೊಂದು. ಮನುಷ್ಯನ ಕೈ ಸೋಕದೆಯೇ ಬೆಳೆದದ್ದು ಮೂರನೆಯದು. ಹುಟ್ಟಿದ ಏಳೆಂಟು ವಾರಗಳೊಳಗೆ ಮರಿಯನ್ನು ಎತ್ತಿ ಆಡಿಸುವವರಿಲ್ಲದಿದ್ದರೆ, ಆ ಮರಿಗೆ ಆಜನ್ಮ ಮನುಷ್ಯನೆಂದರೆ ಶತ್ರುವೇ. ಅದು ಊರಿನಲ್ಲಿದ್ದರೂ ಅಡವಿಯ ಪ್ರಾಣಿ. ಗೃಹಿಣಿಯರ ದೂರುಗಳು ಹೆಚ್ಚಾಗಿ ಈ ಕಡೆಯ ಎರಡು ಬಗೆಯ ಬೆಕ್ಕುಗಳ ಮೇಲೆ. ಮಾಳಿಗೆಮನೆಯ ಬೆಳಕಿಂಡಿಯಿಂದ ಇಳಿದು ಹಾಲಿಗೆ ಬಾಯಿ ಹಾಕುವುದು, ಅಟ್ಟದ ಮೇಲಿನ ಕೌದಿಯ ಗಂಟಿನಲ್ಲಿ ಮರಿ ಹಾಕುವುದು, ನಡುರಾತ್ರಿ ಗಂಡುಬೆಕ್ಕುಗಳು ಕೂಸು ಅತ್ತಂತೆ ಕೂಗಿ ಕಾದಾಡುವುದು, ಬಾಗಿಲ ಮೂಲೆಗೆ ಮೂತ್ರ ಸಿಂಪಡಿಸಿ ಎರಡು ದಿನ ಹೋಗದ ನಾತ ಉಳಿಸುವುದು. ದೂರುಗಳು ಸುಳ್ಳಲ್ಲ.

ಹಾಗಾದರೆ ಊರಿನವರು ಮಾಡುವುದೇನು? ಕೊಲ್ಲುವಂತಿಲ್ಲ. ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂಬ ನಂಬಿಕೆ ಈ ಸೀಮೆಯಲ್ಲಿ ಅಜ್ಜಿಯಂದಿರ ಬಾಯಲ್ಲಿ ಇನ್ನೂ ಉಂಟು. ದಕ್ಷಿಣದಲ್ಲಿ, ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಂತೂ ಬೆಕ್ಕನ್ನು ಮಂಗಮ್ಮನೆಂಬ ದೇವತೆಯ ರೂಪವೆಂದು ಪೂಜಿಸುತ್ತಾರೆ. ಇಷ್ಟು ಬೆಲೆಯ ಪಾಪವನ್ನು ಕಟ್ಟಿಕೊಳ್ಳುವ ಸಾಹಸ ಯಾರಿಗೂ ಇಲ್ಲ. ಆದ್ದರಿಂದ ಮನೆಮನೆಯಲ್ಲೂ ಒಂದು ಮಧ್ಯಮಮಾರ್ಗ ಸಿದ್ಧವಾಗಿದೆ: ಗೋಣಿಚೀಲ. ತಾಯಿಯನ್ನೋ ಮರಿಗಳನ್ನೋ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಸೈಕಲ್ಲಿನ ಹಿಂದಿಟ್ಟುಕೊಂಡು ಹೊಳೆ ದಾಟಿಸಿ ಬಿಟ್ಟುಬರುವುದು. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ತಿಳಿಯದೆಂದು ಲೆಕ್ಕ. ಕೈಗೆ ರಕ್ತ ಹತ್ತಲಿಲ್ಲ, ಕಾಶಿಯ ಖರ್ಚೂ ಉಳಿಯಿತು.

ಚೀಲದ ಬಾಯಿ ಬಿಚ್ಚಿದ ಮೇಲಿನ ಕಥೆಯನ್ನು ನಿಂತು ನೋಡುವವರಿಲ್ಲ. ಬೆಕ್ಕು ತನ್ನ ನೆಲೆಯನ್ನು ವಾಸನೆಯಿಂದ, ಗೋಡೆಯಿಂದ, ಗುರುತಿನ ದಾರಿಯಿಂದ ತಿಳಿದಿರುವ ಪ್ರಾಣಿ. ಹೊಸ ಜಾಗದಲ್ಲಿ ಅದಕ್ಕೆ ಮೊದಲು ಎದುರಾಗುವುದು ಅಲ್ಲಿಯ ಬೆಕ್ಕುಗಳ ಉಗುರು, ಬಳಿಕ ನಾಯಿಗಳ ಹಲ್ಲು. ಹಾಲು ಬಿಡದ ಮರಿಗಳಾದರೆ ಒಂದೆರಡು ದಿನದ ಮಾತು. ಚೀಲದಲ್ಲಿ ಹೋದದ್ದು ತಾಯಿಯಾದರೆ, ಅಟ್ಟದ ಮೇಲೆ ಉಳಿದ ಮರಿಗಳಿಗೂ ಅದೇ ಗತಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದನ್ನೂ ಅಪರಾಧವೆಂದೇ ಎಣಿಸಿತು. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಬರೆದ ದಂಡ ಮಾತ್ರ 10ರಿಂದ 50 ರೂಪಾಯಿ. ಬಂಗಾರದ ಬೆಕ್ಕಿನ ಭಯವೇ ಅದಕ್ಕಿಂತ ಪ್ರಬಲವೆನ್ನಬೇಕು.

ಈ ಸೀಮೆಗೆ ಬೆಕ್ಕಿನ ಬೆಲೆ ತಿಳಿಯದೆ ಇಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿ ವರ್ಷಗಟ್ಟಲೆ ಕಾಡಿತು. ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಕಾಲವದು. ಮಧ್ಯಪ್ರಾಂತದಲ್ಲಿ ವೈದ್ಯಾಧಿಕಾರಿಯಾಗಿದ್ದ ಆಂಡ್ರೂ ಬುಕನನ್ ಎಂಬಾತನು, ಬೆಕ್ಕು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗಿನ ಹಾವಳಿ ಕಡಮೆಯೆಂದು ಕಂಡು, ಮನೆಮನೆಯಲ್ಲಿ ಬೆಕ್ಕು ಸಾಕಬೇಕೆಂದು ವಾದಿಸಿದನು. ಅವನ ಲೇಖನ 1908ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಕ್ಕಿಗೂ ಪ್ಲೇಗು ತಗಲುವುದುಂಟು, ಅದರಿಂದ ಮನುಷ್ಯನಿಗೆ ಅಂಟುವುದೂ ಉಂಟೆಂದು ಇಂದು ತಿಳಿದಿರುವುದರಿಂದ ಆ ವಾದವನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ. ಆದರೂ ಕಾಳಿನ ಗೋದಾಮಿನಲ್ಲಿ ಬೆಕ್ಕು ಬೇಡವೆನ್ನುವ ವರ್ತಕ ಸಿಗುವುದು ಕಷ್ಟ. ಅವನಿಗೆ ಬೇಡವಾದದ್ದು ಬೆಕ್ಕಿನ ಸಂತಾನ.

ಸಂತಾನದ ಲೆಕ್ಕವಾದರೋ ಗಾಬರಿ ಹುಟ್ಟಿಸುವಂಥದು. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಗರ್ಭ ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ಮೂರರಿಂದ ಐದು ಮರಿ. ತಾಯಿ ಮರಿಗಳಿಗೆ ಏಳು ಮನೆ ತೋರಿಸುತ್ತದೆಂದು ಹಿರಿಯರು ಹೇಳುವುದುಂಟು. ಏಳನೆಯ ಮನೆಯನ್ನು ತಲಪುವ ಮರಿಗಳು ಕೆಲವೇ. ಬೀದಿಯಲ್ಲಿ ಹುಟ್ಟಿದವುಗಳಲ್ಲಿ ಹೆಚ್ಚಿನವು ಆರು ತಿಂಗಳು ತುಂಬುವ ಮೊದಲೇ ರೋಗಕ್ಕೋ ಚಕ್ರಕ್ಕೋ ನಾಯಿಗೋ ಬಲಿಯಾಗುತ್ತವೆ. ಹುಟ್ಟುವುದೂ ಸಾಯುವುದೂ ಹೀಗೆ ಹೇರಳವಾಗಿ ನಡೆಯುತ್ತ, ಓಣಿಯ ಬೆಕ್ಕುಗಳ ಸಂಖ್ಯೆ ಮಾತ್ರ ಇದ್ದಷ್ಟೇ ಇರುತ್ತದೆ.

ಹೊಳೆ ದಾಟಿಸುವುದರಿಂದ ಅದು ಏಕೆ ಇಳಿಯುವುದಿಲ್ಲ? ಮಟನ್ ಅಂಗಡಿಯ ಕಟ್ಟೆ ಐದು ಬೆಕ್ಕುಗಳನ್ನು ಸಾಕಬಲ್ಲುದಾದರೆ, ಐದನ್ನೂ ಒಯ್ದುಬಿಟ್ಟ ಮರುವಾರ ಪಕ್ಕದ ಓಣಿಯಿಂದ ಬೇರೆ ಬೆಕ್ಕುಗಳು ಬಂದು ಸೇರುತ್ತವೆ. ಆಸ್ಟ್ರೇಲಿಯದ ದಕ್ಷಿಣದಲ್ಲಿರುವ ತಾಸ್ಮೇನಿಯ ದ್ವೀಪದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಅಲ್ಲಿಯ ಕಾಡುಗಳಲ್ಲಿ ಬೆಕ್ಕುಗಳನ್ನು ಹಿಡಿದು ತೆಗೆಯುತ್ತ ಹೋದಂತೆ ಆ ಜಾಗಗಳಲ್ಲಿ ಬೆಕ್ಕುಗಳು ಕಡಮೆಯಾಗುವುದಿರಲಿ, ಮೊದಲಿಗಿಂತ ಹೆಚ್ಚೇ ಕಂಡುಬಂದವೆಂದು 2014ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಬಲಿಷ್ಠವಾದ ಹಳೆಯ ಬೆಕ್ಕು ಹೋದ ಕೂಡಲೆ ಅಂಜಿ ದೂರವಿದ್ದ ಎಳೆಯವು ಒಳನುಗ್ಗಿದ್ದವು. ತಾಸ್ಮೇನಿಯದಲ್ಲಿ ನಡೆದದ್ದು ಗೋಕಾಕದ ಪೇಟೆಯಲ್ಲಿ ನಡೆಯದೆ ಇರಲು ಕಾರಣವಿಲ್ಲ.

ಇದಕ್ಕೆ ಬೇರೆ ದೇಶಗಳು ಕಂಡುಕೊಂಡ ಉಪಾಯ ಸರಳವಾದುದು: ಹಿಡಿಯುವುದು, ಸಂತಾನಶಕ್ತಿ ಹರಣದ ಶಸ್ತ್ರಚಿಕಿತ್ಸೆ ಮಾಡುವುದು, ಹಿಡಿದಲ್ಲಿಯೇ ಮರಳಿ ಬಿಡುವುದು. ಇಟಲಿಯು 1991ರ ಕಾನೂನಿನಿಂದ ಬೀದಿಯ ಬೆಕ್ಕುಗಳನ್ನು ಕೊಲ್ಲುವುದನ್ನು ನಿಲ್ಲಿಸಿ ಇದೇ ದಾರಿ ಹಿಡಿಯಿತು. ಜೂಲಿಯಸ್ ಸೀಸರನು ಕೊಲೆಯಾದ ರೋಮಿನ ಪಾಳುದೇಗುಲಗಳ ನಡುವೆ ಬೆಕ್ಕುಗಳು ಇಂದು ಪ್ರವಾಸಿಗರ ಕಣ್ಣೆದುರಿನಲ್ಲಿಯೇ ಬಿಸಿಲು ಕಾಯಿಸಿಕೊಳ್ಳುತ್ತವೆ. ಹತ್ತಿರದ ಮುಂಬಯಿಯ ಮಹಾನಗರಪಾಲಿಕೆಯೂ ಬೆಕ್ಕುಗಳ ಶಸ್ತ್ರಚಿಕಿತ್ಸೆಯನ್ನು ಕೈಗೆತ್ತಿಕೊಂಡಿದೆ.

ಕೆಲಸದ ವಿಧಾನವನ್ನು ತುಸು ವಿವರವಾಗಿ ಹೇಳಬೇಕು, ತಪ್ಪುವುದು ವಿವರಗಳಲ್ಲಿಯೇ. ಬೋನು ಇಲಿಬೋನಿನ ದೊಡ್ಡ ತಮ್ಮ: ಸುಮಾರು ಎರಡು ಮೊಳ ಉದ್ದದ ತಂತಿಯ ಪೆಟ್ಟಿಗೆ, ಒಳಗಿನ ಹಲಗೆಯನ್ನು ತುಳಿದರೆ ಬಾಗಿಲು ಬೀಳುತ್ತದೆ. ಹಲವು ದಿನ ಬೆಕ್ಕುಗಳಿಗೆ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಅನ್ನ ಹಾಕಿ ರೂಢಿ ಮಾಡಿಸಿ, ಒಂದು ದಿನ ಊಟ ತಪ್ಪಿಸಿ, ಬೋನಿನಲ್ಲಿ ಮೀನನ್ನಿಟ್ಟರೆ ಹಸಿದದ್ದು ತಾನಾಗಿ ಒಳಹೊಕ್ಕುತ್ತದೆ. ಬಾಗಿಲು ಬಿದ್ದೊಡನೆ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಬೇಕು. ಕತ್ತಲೆಯಾದರೆ ಬೆಕ್ಕು ತಲೆ ಚಚ್ಚಿಕೊಳ್ಳುವುದನ್ನು ಬಿಟ್ಟು ಮುದುಡಿ ಕೂರುತ್ತದೆ. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಹುಚ್ಚುನಾಯಿ ರೋಗದ ಲಸಿಕೆ ಹಾಕುತ್ತಾರೆ. ಅರಿವಳಿಕೆ ಇಳಿಯುವ ಮೊದಲು ಎಡಗಿವಿಯ ತುದಿಯನ್ನು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸುತ್ತಾರೆ. ಕ್ರೂರವೆನಿಸುವ ಈ ಗುರುತು ಬೆಕ್ಕಿಗೆ ಉಪಕಾರಿ: ಮುಂದೆ ದೂರದಿಂದಲೇ ಗುರುತು ಹಿಡಿದು ಬಿಟ್ಟುಬಿಡಬಹುದು, ಎರಡನೆಯ ಸಲ ಹೊಟ್ಟೆ ಕೊಯ್ಯುವ ಪ್ರಸಂಗ ಬರುವುದಿಲ್ಲ. ಹಾಲೂಡಿಸುವ ತಾಯಿ ಸಿಕ್ಕಿಬಿದ್ದರೆ ಅದನ್ನು ಆದಷ್ಟು ಬೇಗ ಮರಿಗಳ ಬಳಿಗೆ ಕಳುಹಿಸಬೇಕು. ಗುಂಪಿನಲ್ಲಿ ನಾಲ್ಕರಲ್ಲಿ ಮೂರಕ್ಕಾದರೂ ಚಿಕಿತ್ಸೆ ಆಗದಿದ್ದರೆ ಮಾಡಿದ ಕೆಲಸ ಹೊಳೆಯಲ್ಲಿ ಹುಣಿಸೆ ತೊಳೆದಂತೆ ಎಂಬುದು ನುರಿತವರ ಅನುಭವ. ಪೂರ್ತಿಯಾದರೆ ಗಂಡುಗಳ ಕಾದಾಟ, ಕೂಗು, ಮೂತ್ರದ ನಾತ ಬಹುಮಟ್ಟಿಗೆ ಅಡಗುತ್ತವೆ. ಇಲಿ ಹಿಡಿಯುವ ಬುದ್ಧಿ ಎಲ್ಲಿಗೂ ಹೋಗುವುದಿಲ್ಲ.

ಗೋಕಾಕದಿಂದ ಮೂಡಲಗಿಯತ್ತ ನಡೆದರೆ ಭೂಮಿಯ ಮುಖವೇ ಬೇರೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿರುವ ಈ ಊರಿನ ಸುತ್ತ ಕಾಲುವೆಯ ನೀರು, ಕಬ್ಬು, ಅರಿಸಿನ. ಕಬ್ಬಿನ ಗದ್ದೆ ಬೆಕ್ಕಿನ ವಿಷಯದಲ್ಲಿ ಒಂದು ತೊಡಕನ್ನು ತಂದಿಡುತ್ತದೆ. ಆಳೆತ್ತರದ ಬೆಳೆಯೊಳಗೆ ನಿಜವಾದ ಕಾಡುಬೆಕ್ಕೂ ವಾಸಿಸುತ್ತದೆ: ಉದ್ದ ಕಾಲು, ಮೋಟು ಬಾಲ, ಬಾಲದ ತುದಿಗೆ ಕಪ್ಪು ಬಳೆ, ಕಿವಿಯ ತುದಿಯಲ್ಲಿ ಸಣ್ಣ ಕುಚ್ಚು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಕಟಾವಿನ ಕಾಲದಲ್ಲಿ ಕುಡುಗೋಲಿನವರಿಗೆ ರವದಿಯ ನಡುವೆ ಮರಿಗಳು ಕಾಣಿಸಿದರೆ, ತಾಯಿ ತೊರೆದುಹೋಯಿತೆಂದು ಕರುಣೆಯಿಂದ ಮನೆಗೆ ತರುವುದುಂಟು. ಆ ಕರುಣೆಯೇ ಮರಿಗಳಿಗೆ ಮುಳುವು. ತಾಯಿ ಹತ್ತಿರದಲ್ಲಿಯೇ ಅಡಗಿದ್ದು ಕತ್ತಲಾದ ಮೇಲೆ ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಆ ಸಾಲನ್ನು ಬಿಟ್ಟು ಕಟಾವು ಮುಂದುವರಿಸಿ, ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ. ಪೇಟೆಯಿಂದ ಚೀಲದಲ್ಲಿ ತಂದ ಬೆಕ್ಕುಗಳನ್ನು ಇದೇ ಕಬ್ಬಿನ ಬದುವಿನಲ್ಲಿ ಬಿಡುವುದರಿಂದ ಕಾಡುಬೆಕ್ಕಿಗೆ ಅವುಗಳ ರೋಗಗಳು ಅಂಟಬಹುದು.

ಹಕ್ಕಿಗಳ ಪಾಡೂ ಹೀಗೆಯೇ. ಮೂಡಲಗಿಯಿಂದ ಹಿಂದಿರುಗಿ ಪಶ್ಚಿಮಕ್ಕೆ ಹೊರಟವರಿಗೆ ಘಟಪ್ರಭಾ ನಿಲ್ದಾಣದ ಸಮೀಪದಲ್ಲಿ ಧೂಪದಾಳದ ಒಡ್ಡು ಸಿಗುತ್ತದೆ. ಅದರ ಹಿನ್ನೀರನ್ನು 1974ರಲ್ಲಿ ಪಕ್ಷಿಧಾಮವೆಂದು ಸಾರಲಾಯಿತು; ಚಳಿಗಾಲದಲ್ಲಿ ಹಿಮಾಲಯದಾಚೆಯಿಂದಲೂ ಕೊಕ್ಕರೆ ಕ್ರೌಂಚಗಳು ಇಲ್ಲಿಗೆ ಬರುತ್ತವೆ. ದೊಡ್ಡ ಹಕ್ಕಿಗಳಿಗೆ ಬೆಕ್ಕಿನ ಅಂಜಿಕೆ ಅಷ್ಟಿಲ್ಲ. ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭ, ಲಾವಕ್ಕಿಗಳಿಗೆ ಉಂಟು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪಕ್ಕೆ 1894ರ ಸುಮಾರಿಗೆ ಬೆಕ್ಕುಗಳು ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಅಲ್ಲಿಯ ಹಾರಲಾರದ ಪುಟ್ಟ ಹಕ್ಕಿಯ ಸಂತತಿ ಅಳಿದುಹೋಯಿತು. ಶಸ್ತ್ರಚಿಕಿತ್ಸೆ ಮಾಡಿದ ಬೆಕ್ಕೂ ಹಕ್ಕಿ ಹಿಡಿಯುವುದನ್ನು ಬಿಡುವುದಿಲ್ಲವೆಂದು ಪಕ್ಷಿಶಾಸ್ತ್ರಜ್ಞರು ಆಕ್ಷೇಪಿಸುತ್ತಾರೆ; ಆಕ್ಷೇಪಣೆ ನ್ಯಾಯವಾದುದು. ಪೇಟೆಯ ಬೆಕ್ಕಿಗೆ ಒಪ್ಪುವ ಉಪಾಯ ಪಕ್ಷಿಧಾಮದ ಅಂಚಿಗೆ ಒಪ್ಪುವುದಿಲ್ಲ. ಅಂಥ ಕಡೆ ಬೆಕ್ಕಿಗೆ ಅನ್ನವಿಡುವ ಪದ್ಧತಿಯನ್ನೇ ತಪ್ಪಿಸಿ, ಪಳಗಿದವನ್ನು ಮನೆಗಳಿಗೆ ಸೇರಿಸಬೇಕಾಗುತ್ತದೆ. ಕನಿಷ್ಠ ಪಕ್ಷ ಗೋಣಿಚೀಲಗಳ ದಾರಿಯಾದರೂ ಅತ್ತ ತಿರುಗಬಾರದು.

ಹುಕ್ಕೇರಿಯಲ್ಲಿ ಪ್ರವಾಸಿಗರು ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡುತ್ತಾರೆ. ನೋಡಬೇಕಾದ ಇನ್ನೊಂದು ವಿಶೇಷ ಈ ಊರಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ, ದೇಶದಲ್ಲಿ ಐದೇ ಕಡೆ ಪ್ರಯೋಗವೆಂದು ಆರಂಭವಾದ ಇಂಥ ಸಂಘಗಳಲ್ಲಿ ಒಂದು ಹುಕ್ಕೇರಿಯ ಪಾಲಿಗೆ ಬಂದಿತು. ಹಳ್ಳಿಹಳ್ಳಿಗೆ ದೀಪದ ಕಂಬ ಹೂಡಿ ಬಿಲ್ಲು ವಸೂಲು ಮಾಡುವ ಕೆಲಸವನ್ನು ಸದಸ್ಯರೇ ಸೇರಿ ನಡೆಸಬಲ್ಲ ಊರಿಗೆ ಹತ್ತು ಬೋನುಗಳ ಮಂಡಳಿ ಭಾರವಾಗಲಾರದು.

ನಾಯಿಗಳ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳ ಹೊಣೆಯನ್ನು 2001ರ ನಿಯಮಗಳೂ ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ಹೇಳಿವೆ. ನಾಯಿ ಕಚ್ಚುತ್ತದೆ, ಆದ್ದರಿಂದ ಸಭೆಯಲ್ಲಿ ಅದರ ಮಾತು ಬರುತ್ತದೆ. ಹಾಲು ಕುಡಿಯುವ ಬೆಕ್ಕಿನ ಮಾತೆತ್ತಿದರೆ ಸದಸ್ಯರು ನಗುತ್ತಾರೆ. ತಾಲ್ಲೂಕಿನ ಪಶು ಆಸ್ಪತ್ರೆಗಳೋ ಎಮ್ಮೆ, ಎತ್ತು, ಕುರಿಗಳ ಚಿಕಿತ್ಸೆಗೆ ಹೊಂದಿಕೊಂಡವು. ಬೆಕ್ಕಿನಷ್ಟು ಚಿಕ್ಕ ಪ್ರಾಣಿಗೆ ಅರಿವಳಿಕೆಯ ಪ್ರಮಾಣ, ಸಲಕರಣೆ, ಕೈಚಳಕ ಎಲ್ಲವೂ ಬೇರೆ. ಅದನ್ನು ಕಲಿತ ವೈದ್ಯರೊಬ್ಬರು ವಾರಕ್ಕೊಂದು ದಿನ ಸರದಿಯಂತೆ ಮೂರೂ ಊರುಗಳಿಗೆ ಬರುವಂತಾದರೆ, ಗೋಕಾಕದ ನಗರಸಭೆಯೂ ಉಳಿದೆರಡು ಪುರಸಭೆಗಳೂ ಆ ಖರ್ಚನ್ನು ಹಂಚಿಕೊಂಡರೆ, ಬೋನುಗಳು ಒಂದೇ ಜೊತೆ ಸಾಕು. ಹಿಡಿಯುವ ಕೆಲಸಕ್ಕೆ ಸಂಬಳದವರನ್ನು ಹುಡುಕಬೇಕಾಗಿಲ್ಲ. ದಿನವೂ ರಾತ್ರಿ ಉಳಿದ ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಹಿತ್ತಿಲ ಕಟ್ಟೆಯ ಮೇಲಿಡುವ ತಾಯಂದಿರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಯಾವ ಬೆಕ್ಕು ಬಸುರಿ, ಯಾವುದು ಈದದ್ದು, ಯಾವುದು ನಿನ್ನೆಯಿಂದ ಕಾಣಿಸಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಗೋಣಿಚೀಲ ಹಿಡಿದ ಮನೆಯ ಯಜಮಾನನಿಗೆ ಕೇಳದಂತೆ ಅವರು ಅವುಗಳಿಗೆ ಇಟ್ಟ ಹೆಸರುಗಳೂ ಉಂಟು.