ಹತ್ತಕ್ಕೊಂದು ಥಪ್ಪಿ

ಬಿ.ಎ., ಬಿ.ಎಡ್. ಮಾಡಿದವಳಿಗೆ ಒಂದನೆಯ ಇಯತ್ತೆ ಕಲಿಸಲು ಬರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ನನಗಂತೂ ಬರುತ್ತಿರಲಿಲ್ಲ. ಬಿ.ಎಡ್.ನಲ್ಲಿ ನಾವು ರಾತ್ರಿಯೆಲ್ಲ ಕೂತು ಬರೆದ ಪಾಠಯೋಜನೆಗಳು ಎಂಟನೆಯ, ಒಂಬತ್ತನೆಯ ತರಗತಿಯವು. ಮೂಗು ಸೋರುವ, ಅವ್ವನ ಸೆರಗು ಬಿಡದ ಆರು ವರ್ಷದ ಕೂಸಿನ ಮುಂದೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ. 1996ರಲ್ಲಿ ನರಗುಂದದ ಹತ್ತಿರದ ಒಂದು ಹಳ್ಳಿಗೆ ನನ್ನ ನೇಮಕವಾಯಿತು. ಆಗ ಇದೆಲ್ಲ ಧಾರವಾಡ ಜಿಲ್ಲೆ. ಗದಗ ಬೇರೆ ಜಿಲ್ಲೆಯಾದದ್ದು ಮರುವರ್ಷ. ಹೆಡ್‌ಮಾಸ್ತರರು ನನ್ನನ್ನು ಒಂದನೆಯ ವರ್ಗದ ಬಾಗಿಲಿಗೆ ಬಿಟ್ಟು, "ಸಂಭಾಳಿಸ್ರಿ" ಎಂದು ಹೊರಟೇ ಹೋದರು. ಒಳಗೆ ನಲವತ್ತು ಮಕ್ಕಳು. ಒಬ್ಬಳು ಅಳುತ್ತಿದ್ದಳು, ಇಬ್ಬರು ಜಗಳಾಡುತ್ತಿದ್ದರು, ಒಬ್ಬ ಸುಣ್ಣದ ಗೋಡೆ ಕೆರೆದು ತಿನ್ನುತ್ತಿದ್ದ. ನಾನೂ ಅಳುವುದೊಂದು ಬಾಕಿ.

ನಾನು ಮಾಡಿದ್ದು ನಮ್ಮ ಕಾಲದ ಮಾಸ್ತರರು ಮಾಡಿದ್ದನ್ನೇ. ಹಲಗೆಯ ಮೇಲೆ ಅ ಆ ಇ ಈ ಬರೆದೆ, ಕೂಗಿಸಿದೆ, ತಿದ್ದಿಸಿದೆ. 'ಋ' ಬಂದಾಗ 'ಋಷಿ' ಎಂದೆ. ನಮ್ಮ ಎರೆಹೊಲದ ಹುಡುಗ ಋಷಿಯನ್ನು ಎಲ್ಲಿ ಕಂಡಾನು? ಅವನು ಕಂಡದ್ದು ಎತ್ತು, ಉಳ್ಳಾಗಡ್ಡಿ, ಬಸ್ಸು. ಆದರೂ ಋಷಿ ಎಂದು ಕೂಗಿದ. ಪಾಪ, ಒಳ್ಳೆಯ ಹುಡುಗ.

ಎಚ್.ಡಿ. ಕೋಟೆಯಲ್ಲಿ 1995ರಲ್ಲೇ 'ನಲಿ-ಕಲಿ' ಶುರುವಾಗಿತ್ತಂತೆ, ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದವರು ಮಾಡಿದ್ದು. ರಾಜ್ಯಕ್ಕೆಲ್ಲ ಬಂದದ್ದು 2009-10ರಲ್ಲಿ. ನಾನಾಗ ಗಜೇಂದ್ರಗಡದಲ್ಲಿದ್ದೆ. ಗಜೇಂದ್ರಗಡವಿನ್ನೂ ರೋಣ ತಾಲ್ಲೂಕಿಗೆ ಸೇರಿದ್ದ ಕಾಲ; ಬೇರೆ ತಾಲ್ಲೂಕಾದದ್ದು 2018ರಲ್ಲಿ. ಬೆಂಚು ತೆಗೆದರು, ಮಕ್ಕಳನ್ನು ಗುಂಪು ಗುಂಪಾಗಿ ನೆಲಕ್ಕೆ ಕೂಡಿಸಿದರು, ಕೈಗೆ ಕಾರ್ಡು ಕೊಟ್ಟರು. ತಲೆಯ ಮೇಲೆ ದಾರ ಕಟ್ಟಿ ಚಪ್ಪರ ಮಾಡಿ, ಮಕ್ಕಳ ಚಿತ್ರಗಳನ್ನು ತೂಗಿಬಿಟ್ಟೆವು. ಗೋಡೆಯ ಕೆಳಗೆ, ಕೂಸಿನ ಕೈ ಎಟುಕುವಷ್ಟು ಎತ್ತರಕ್ಕೆ ಕಪ್ಪು ಬಳಿದು ಒಬ್ಬೊಬ್ಬರಿಗೂ ಒಂದು ತುಂಡು ಹಲಗೆ ಮಾಡಿದೆವು. ಮತ್ತೆ ಅಕ್ಷರದ ಸಾಲೇ ಬದಲಾಯಿತು: ರ, ಗ, ಸ, ದ, ಅ.

ಅದಕ್ಕೆ ಊರಲ್ಲಿ ಆದ ಗಲಾಟೆ ಕೇಳಬೇಡಿ. ನೇಕಾರರ ಓಣಿಯ ಒಬ್ಬ ಅಜ್ಜಿ ಶಾಲೆಗೇ ಬಂದು, "ಅಕ್ಕೋರ, ಅ ಆ ಬಿಟ್ಟು ರ ಗ ಅಂತೀರಲ್ರಿ, ಅಕ್ಷರಕ್ಕ ದಿಕ್ಕು ದೆಸಿ ಇಲ್ಲೇನ್ರಿ?" ಎಂದು ಕೇಳಿದರು. ನನಗೂ ಒಳಗೊಳಗೆ ಅದೇ ಅನುಮಾನ. ಆದರೆ ನೀವೇ ಕೂಡಿಸಿ ನೋಡಿ. ಈ ಐದೇ ಅಕ್ಷರದಲ್ಲಿ ಸರ, ಅರಸ, ದಸರ, ಗರಗಸ ಎಲ್ಲ ಬರುತ್ತದೆ. ದುಂಡಗೆ ಸುಲಭವಾಗಿ ತಿರುಗುವ ಅಕ್ಷರ ಮೊದಲು, ಕಲಿತ ಕೂಡಲೇ ಅದರಲ್ಲಿ ಒಂದು ಮಾತು. ನಲವತ್ತೊಂಬತ್ತು ಅಕ್ಷರ ಮುಗಿಯುವ ತನಕ ಕೂಸು ಓದಿನ ರುಚಿಗೆ ಕಾಯಬೇಕಾಗಿಲ್ಲ. ಅಜ್ಜಿಗೆ ಹೇಗೆ ಹೇಳುವುದು? ಕೊನೆಗೆ ಅವರ ಮಗ್ಗವೇ ನೆನಪಾಯಿತು. "ಅಮ್ಮಾ, ಮಗ್ಗದ ಮುಂದ ಹೊಸ ಹುಡುಗನ್ನ ಕೂಡಿಸಿದ್ರ ಮೊದಲನೇ ದಿನಾನ ಪಟ್ಟೇದ ಅಂಚು ನೇಯಿಸ್ತೀರೇನು?" ಎಂದೆ. ಅಜ್ಜಿ ನಕ್ಕರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮೊಮ್ಮಗನನ್ನು ಮಾತ್ರ ಬಿಡಿಸಲಿಲ್ಲ.

ನಲಿ-ಕಲಿಯಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುವವಳಲ್ಲ. ಮೂರು ತರಗತಿಯ ಮಕ್ಕಳನ್ನು ಒಬ್ಬಳೇ ಒಂದೇ ಕೋಣೆಯಲ್ಲಿ ಸಂಭಾಳಿಸುವ ಕಷ್ಟ ಮಾಡಿದವರಿಗೇ ಗೊತ್ತು. ಅದಿರಲಿ.

ನಾನು ಹೇಳಹೊರಟದ್ದು ಬೇರೆ ಸಂಗತಿ. ಕೊರೊನಾ ಬಂದು 2020ರ ಮಾರ್ಚ್‌ನಲ್ಲಿ ಶಾಲೆಯ ಬಾಗಿಲು ಹಾಕಿದವರು, ಸಣ್ಣ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೆಯ ವರ್ಗದಲ್ಲಿ ಕೂರದ ಮಕ್ಕಳು ಎರಡನೆಯ ವರ್ಗಕ್ಕೆ ಬಂದು ಕೂತಿದ್ದರು. ಆ ವರ್ಷವೇ ಕೇಂದ್ರ ಸರಕಾರ 'ನಿಪುಣ್ ಭಾರತ್' ತಂದಿತ್ತು. 2026-27ರ ಹೊತ್ತಿಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಸಾದಾ ಲೆಕ್ಕ ಮಾಡಬೇಕು ಎಂಬುದು ಗುರಿ. ಒಂದನೆಯದರಲ್ಲಿ 99ರವರೆಗೆ ಸಂಖ್ಯೆ, ಎರಡನೆಯದರಲ್ಲಿ 999, ಮೂರನೆಯದರಲ್ಲಿ 9999. ಗುರಿಯ ಕಾಗದ ಒಂದು ಕಡೆ, ಪೆನ್ಸಿಲ್ಲನ್ನು ಕುಡುಗೋಲಿನಂತೆ ಮುಷ್ಟಿಯಲ್ಲಿ ಹಿಡಿಯುವ ಮಕ್ಕಳು ಒಂದು ಕಡೆ. ನನಗೂ ತಲೆ ಕೆಟ್ಟಿತ್ತು.

ರೋಣದ ಸಮೀಪದ ಊರದು. ಒಬ್ಬ ಹುಡುಗನಿಗೆ 43 ಬರೆದು ತೋರಿಸಿದರೆ 'ನಾಕು ಮೂರು' ಎನ್ನುತ್ತಿದ್ದ. ಎಷ್ಟು ಸಲ ಹೇಳಿದರೂ ಅಷ್ಟೇ. ಪಾಲಕರ ಸಭೆಗೆ ಅವನ ತಾಯಿ ಬಂದು ಬಾಗಿಲ ಹೊರಗೇ ನಿಂತಿದ್ದಳು. ಎಲ್ಲರೆದುರಿಗೆ ನಾನು, "ಮನಿಯಾಗ ಒಂದ ತಾಸರ ಅವನ್ನ ಕೂಡಿಸಿಕೊಂಡು ನೋಡ್ರಿ. ಎಲ್ಲಾ ನಾವ ಮಾಡಾಕ ಆಗತೈತೇನು?" ಎಂದು ಜೋರು ಮಾಡಿದೆ. ಆಕೆ ಏನೂ ಅನ್ನಲಿಲ್ಲ. ತಲೆಯ ಮೇಲಿನ ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡಳು. ಸೋಮವಾರ ಹುಡುಗ ಬರಲಿಲ್ಲ. ಮಂಗಳವಾರವೂ ಇಲ್ಲ. ಎಂಟು ದಿನ ಕಳೆದ ಮೇಲೆ ಸಂಜೆ ನಾನೇ ಹೋದೆ. ಹೋಗುವಾಗಲೂ ಸಿಟ್ಟೇ ಇತ್ತು, ಸುಳ್ಳೇಕೆ ಹೇಳಲಿ?

ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ರೋಣದ ಒಂದು ಖಾನಾವಳಿಗೆ ದಿನಾ ಕೊಡುವ ರೊಟ್ಟಿ. ಆರಿದ ರೊಟ್ಟಿಯನ್ನು ಈ ಹುಡುಗ ಎತ್ತಿ ಎತ್ತಿ ಥಪ್ಪಿ ಹಚ್ಚುತ್ತಿದ್ದ. ಹತ್ತಕ್ಕೊಂದು ಥಪ್ಪಿ. "ಎಷ್ಟಾದವೋ?" ಎಂದು ಅವ್ವ ಕೇಳಿದಳು. ತಿರುಗಿ ನೋಡದೆ ಅವನೆಂದ: "ನಾಕ್ ಥಪ್ಪಿ, ಮ್ಯಾಲ ಮೂರು. ನಲವತ್ಮೂರು. ಇನ್ನ ಏಳ ಬೇಕು ಐವತ್ತಕ್ಕ."

ನಾನು ಬಾಗಿಲಲ್ಲೇ ನಿಂತೆ. ಹತ್ತು ಕಡ್ಡಿಗೆ ಒಂದು ಕಟ್ಟು ಕಟ್ಟಿ ನಾವು ಶಾಲೆಯಲ್ಲಿ ಹೇಳಿಕೊಡುವುದು ಇದನ್ನೇ ಅಲ್ಲವೇ? ಹತ್ತರ ಸ್ಥಾನ, ಬಿಡಿ ಸ್ಥಾನ. ಹುಡುಗನಿಗೆ ಲೆಕ್ಕ ಬರುತ್ತಿತ್ತು. ಬಾರದ್ದು, ಹಲಗೆಯ ಮೇಲಿನ ಆ ನಾಲ್ಕು ಎಂದರೆ ನಾಲ್ಕು ಥಪ್ಪಿ ಎಂಬ ಸಂಗತಿ ಮಾತ್ರ. ಅದನ್ನು ಜೋಡಿಸಿ ಕೊಡಬೇಕಾದವಳು ನಾನು.

"ನನಗ ಸಾಲಿ ಬರಂಗಿಲ್ರಿ ಅಕ್ಕೋರ" ಎಂದಳು ತಾಯಿ, ಕೈಯ ಹಿಟ್ಟು ಒರೆಸಿಕೊಳ್ಳುತ್ತ. "ನಾ ಏನ್ ಹೇಳಿಕೊಡ್ಲಿ? ಮಂದಿ ಮುಂದ ನಿಂದರಾಕ ನಾಚಿಕಿ ಆಗತೈತಿ. ಅದಕ್ಕ ಅವನ್ನ ಕಳಸಲಿಲ್ಲ."

ದಿನಾ ಸಂಜೆ ಗಣಿತ ಹೇಳಿಕೊಡುತ್ತಿದ್ದವಳು ತನಗೆ ಏನೂ ಬರುವುದಿಲ್ಲ ಎಂದು ನನಗೇ ಹೇಳುತ್ತಿದ್ದಾಳೆ. ಹಾಗೆ ಹೇಳುವಂತೆ ಮಾಡಿದವಳು ನಾನೇ. ಬಿಸಿರೊಟ್ಟಿ, ಕೆಂಪು ಚಟ್ನಿ ಕೊಟ್ಟಳು, ತಿಂದು ಬಂದೆ. ತಪ್ಪಾಯಿತೆಂದು ಬಾಯಿಬಿಟ್ಟು ಆಕೆಗೆ ಇವತ್ತಿನವರೆಗೂ ಹೇಳಿಲ್ಲ. ಮರುದಿನ ಹುಡುಗ ಬಂದಾಗ ರಟ್ಟನ್ನು ರೊಟ್ಟಿಯಂತೆ ದುಂಡಗೆ ಕತ್ತರಿಸಿ ಅವನ ಮುಂದೆ ಇಟ್ಟೆ. ಒಂದು ವಾರ ಹಿಡಿಯಲಿಲ್ಲ. ಎರಡಂಕಿ ಓದತೊಡಗಿದ.

ಆಮೇಲೆ ನಾನು ಪಾಲಕರಿಗೆ ಹೇಳುವ ಮಾತು ಬದಲಾಯಿತು. 'ಓದಿಸಿ' ಎನ್ನುವುದಿಲ್ಲ, 'ಅವನು ಹೇಳೋದು ಕೇಳ್ರಿ' ಎನ್ನುತ್ತೇನೆ. ಶಾಲೆಯಿಂದ ಬಂದ ಕೂಸಿಗೆ ಇವತ್ತು ಏನಾಯಿತೆಂದು ಕೇಳಿ ಹತ್ತು ನಿಮಿಷ ಸುಮ್ಮನೆ ಕೂತರೆ ಸಾಕು. ಸುಮ್ಮನೆ ಕೂರುವುದೇ ನಮಗೆ ಕಷ್ಟ, ಅದು ಬೇರೆ ಮಾತು. ಬಸ್‌ಸ್ಟ್ಯಾಂಡಿಗೆ ಹೋದರೆ ಬೋರ್ಡು ಓದಲಿ. ನಲಿ-ಕಲಿಯ ಮೊದಲ ಅಕ್ಷರವೇ ರೋಣದ ಬೋರ್ಡಿನಲ್ಲಿ ಮೊದಲು ನಿಂತಿದೆ. ಕೊಂಬು ಕೋಡು ಹಚ್ಚಿಕೊಂಡಿದ್ದರೂ ಮಕ್ಕಳು ಗುರುತು ಹಿಡಿಯುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಕೂಡಿಸುವಾಗ ಕೈ ಕೆಸರಾಯಿತೆಂದು ಬೈಯಬೇಡಿ. ಮಣ್ಣು ನಾದಿದ ಬೆರಳಿಗೇ ಪೆನ್ಸಿಲ್ ಹಿಡಿಯುವ ಬಲ ಬರುವುದು. ಚುಕ್ಕಿ ರಂಗೋಲಿ, ಹೂ ಕಟ್ಟುವುದು, ಅವರೆ ಸುಲಿಯುವುದು ಎಲ್ಲ ಆ ಲೆಕ್ಕಕ್ಕೇ.

ಪಟ್ಟಣದ ನಮ್ಮ ಅಕ್ಕತಂಗಿಯರದು ಇನ್ನೊಂದು ತರಹ. ನಾಲ್ಕು ವರ್ಷದ ಕೂಸಿನ ಬೆರಳನ್ನು ತಮ್ಮ ಬೆರಳಲ್ಲಿ ಹಿಡಿದು ನೂರರವರೆಗೆ ಬರೆಸುತ್ತಾರೆ. ಆರು ವರ್ಷಕ್ಕೆ ಟ್ಯೂಷನ್. ಥರ್ಮೊಕೋಲಿನ ಮನೆಯನ್ನು ರಾತ್ರಿ ಹನ್ನೊಂದರವರೆಗೆ ಕೂತು ಮಾಡುವವರು ಅಪ್ಪ ಅಮ್ಮ, ಶಾಲೆಯಲ್ಲಿ ಚಪ್ಪಾಳೆ ಮಗುವಿಗೆ. ನಗುವ ಹಕ್ಕು ನನಗಿಲ್ಲ. ನನ್ನ ಮಗಳಿಗೆ 'ಖ' ಬರಲಿಲ್ಲವೆಂದು ಬೆರಳ ಗಣಿಕೆಯ ಮೇಲೆ ಪಟ್ಟಿಯಿಂದ ಹೊಡೆದವಳು ನಾನು. ಈಗವಳು ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾಳೆ. ಅದನ್ನು ನೆನಪಿಸಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಮಾತಿನ ವಿಷಯವನ್ನೂ ಹೇಳಬೇಕು. ನಮ್ಮ ಮಕ್ಕಳು 'ಮನೆ' ಎಂದು ಬರೆಯುವಲ್ಲಿ 'ಮನಿ' ಎಂದು ಬರೆಯುತ್ತವೆ, 'ಕುದುರೆ' ಅಲ್ಲ 'ಕುದರಿ'. ಕೇಳಿದ ಸದ್ದನ್ನು ಸರಿಯಾಗಿಯೇ ಬರೆದಿದ್ದಾರೆ. ಪುಸ್ತಕದ ರೂಢಿ ನಿಧಾನವಾಗಿ ಬರುತ್ತದೆ. ಕೆಂಪು ಗೀಟು ಎಳೆಯುವ ಮೊದಲು ಎರಡು ಸಲ ಯೋಚಿಸುತ್ತೇನೆ. ಗಜೇಂದ್ರಗಡದ ಕಡೆಯ ತಾಂಡಾದಿಂದ ಬರುವ ಮಕ್ಕಳಿಗೆ ಅವ್ವ 'ಯಾಡಿ', ರೊಟ್ಟಿ 'ಬಾಟಿ'. ಮನೆಯಲ್ಲಿ ಲಂಬಾಣಿ ಬಿಟ್ಟು ಕನ್ನಡವನ್ನೇ ಆಡಿರಿ ಎಂದು ಒಂದು ಕಾಲಕ್ಕೆ ನಾನೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಲಂಬಾಣಿಯಲ್ಲಾಗಲಿ ಉರ್ದುವಿನಲ್ಲಾಗಲಿ ತಾಯಿಯ ಬಾಯಲ್ಲಿ ಕಥೆ ಕೇಳಿ ಬಂದ ಕೂಸು ಕನ್ನಡದ ಕಥೆಗೂ ಬೇಗ ಕಿವಿಗೊಡುತ್ತದೆ. ಕಥೆಗೆ ನಮ್ಮಲ್ಲಿ ಬರವೇ? 1031ರಲ್ಲಿ ಕನ್ನಡಕ್ಕೆ ಪಂಚತಂತ್ರ ಬರೆದುಕೊಟ್ಟ ದುರ್ಗಸಿಂಹನ ಊರು ಸಯ್ಯಡಿ ಎಂದರೆ ರೋಣ ತಾಲ್ಲೂಕಿನ ಸವಡಿ. ನರಿ, ಸಿಂಹ, ಎತ್ತು ನಮ್ಮೂರ ಪಕ್ಕದಿಂದಲೇ ಹೊರಟವರು.

ಮುಂದಿನ ಸಭೆಗೆ ರೊಟ್ಟಿಯ ಆ ತಾಯಿ ಬಂದಳು. ಒಳಗೆ ಬಂದು ಚಾಪೆಯ ತುದಿಗೆ ಕೂತಳು. ಹುಡುಗ ಎದ್ದು 'ಗರಗಸ' ಓದಿ ತೋರಿಸಿದ, 67 ಓದಿದ. ಆಕೆ ಖುಷಿಪಟ್ಟಳೋ ಏನೋ, ಮುಖದಲ್ಲಿ ತೋರಗೊಡಲಿಲ್ಲ. ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು, "ಅಕ್ಕೋರ, ಹೆಸರ ಬಿಡಸಾಕ ಬಂದೈತ್ರಿ. ಮೂರ ದಿನ ಇವನ್ನ ಕರಕೊಂಡ ಹೋಗ್ಲ್ಯಾ?" ಎಂದಳು.

ಹಳೆಯ ನಾನಾಗಿದ್ದರೆ ಮೈಮೇಲೆ ಹೋಗುತ್ತಿದ್ದೆ. "ಒಂದ ದಿನ" ಎಂದೆ.

"ಎರಡರ ಕೊಡ್ರಿ."

"ಒಂದ ದಿನ. ಎಷ್ಟು ಚೀಲ ಆದವು ಅಂತ ಅವನ ಎಣಿಸಿಕೊಂಡು ಬಂದು ಹಲಗಿ ಮ್ಯಾಲ ಬರೀಬೇಕು."

ಹುಡುಗ ಮೂರನೆಯ ದಿನಕ್ಕೆ ಬಂದ. ಕೈಗಳೆಲ್ಲ ಹೆಸರಿನ ಬಳ್ಳಿಯ ಕರೆ. ಗೋಡೆಯ ತನ್ನ ತುಂಡು ಹಲಗೆಯ ಮೇಲೆ 12 ಎಂದು ಬರೆದ. ಹಾಜರಿ ಪುಸ್ತಕದಲ್ಲಿ ಆ ಇನ್ನೊಂದು ದಿನಕ್ಕೆ ಏನು ಹಾಕುವುದೆಂದು ಯೋಚಿಸುತ್ತ ನಾನು ಪೆನ್ನು ಹಿಡಿದು ಕೂತೆ.