ಅಂಟಿಕೊಂಡ ಒತ್ತಕ್ಷರ

ನಮ್ಮ ಮನೆಗಳಲ್ಲಿ ಚೆಲ್ಲುವುದಕ್ಕೂ ಒಂದು ಶಾಸ್ತ್ರವಿದೆ. ಹಾಲು ಉಕ್ಕಿ ಚೆಲ್ಲಿದರೆ ಶುಭ. ಗೃಹಪ್ರವೇಶದ ದಿನ ಬೇಕೆಂದೇ ಉಕ್ಕಿಸುತ್ತೇವೆ. ಎಣ್ಣೆ ಚೆಲ್ಲಿದರೆ ಅತ್ತೆಯಂದಿರ ಮುಖ ಸಣ್ಣದಾಗುತ್ತದೆ. ಕುಂಕುಮ ಚೆಲ್ಲಿದರಂತೂ ಕೇಳುವುದೇ ಬೇಡ. ಆದರೆ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಶರಬತ್ತು ಚೆಲ್ಲಿದರೆ ಏನು ಫಲ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಆ ಫಲವನ್ನು ನಾನು ಮೂರು ಕಡೆ ಕಂಡಿದ್ದೇನೆ. ಮಗಳು ಓದುತ್ತಿದ್ದ ಮಣಿಪಾಲದಲ್ಲಿ ಒಮ್ಮೆ, ಕಾರ್ಕಳದ ತಂಗಿಯ ಮನೆಯಲ್ಲಿ ಒಮ್ಮೆ, ನಾನು ಪಾಠ ಹೇಳುವ ಕಾಪುವಿನ ಶಾಲೆಯಲ್ಲಿ ಇನ್ನೊಮ್ಮೆ. ಚೆಲ್ಲಿದ್ದು ಮೂರೂ ಕಡೆ ಒಂದೇ ತರಹ. ಮುಂದೆ ಆದದ್ದು ಮಾತ್ರ ಬೇರೆ ಬೇರೆ.

ಕೀಲಿಮಣೆ ಎಂಬ ಹೆಸರು ಯಾರಿಗೆ ಮೊದಲು ಹೊಳೆಯಿತೋ, ಅವರಿಗೆ ನಮ್ಮ ಅಡುಗೆಮನೆಯ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಕುಳಿತು ಉಣ್ಣುವ ಮಣೆ, ಕಾಯಿ ಹೆರೆಯುವ ಮಣೆ, ಚಪಾತಿ ಲಟ್ಟಿಸುವ ಮಣೆ, ಶ್ಯಾವಿಗೆ ಒತ್ತುವ ಮಣೆ, ಇವುಗಳ ಸಾಲಿಗೆ ಇದೂ ಒಂದು. ಉಳಿದ ಮಣೆಗಳನ್ನು ಕೆಲಸ ಮುಗಿದ ಕೂಡಲೇ ತೊಳೆದು, ಗೋಡೆಗೆ ಒರಗಿಸಿ, ನೀರು ಬಸಿಯಲು ಬಿಡುತ್ತೇವೆ. ಈ ಮಣೆಗೆ ಮಾತ್ರ ಆ ಭಾಗ್ಯವಿಲ್ಲ. ಅದರ ಸಂದಿಗಳಲ್ಲಿ ಚಕ್ಕುಲಿಯ ಪುಡಿ, ತಲೆಗೂದಲು, ಬೆರಳಿನ ಜಿಡ್ಡು ವರ್ಷಗಟ್ಟಲೆ ಕುಳಿತಿರುತ್ತವೆ. ಒಂದು ದಿನ ಚಾ ಚೆಲ್ಲಿದಾಗಲೇ ಅದರ ಒಳಗೆ ಏನಿದೆ ಎಂಬ ಯೋಚನೆ ನಮಗೆ ಬರುವುದು.

ಮೊದಲು ಮಣಿಪಾಲದ್ದು ಹೇಳುತ್ತೇನೆ. 2022ರಲ್ಲಿ ಒಂದು ಸಂಜೆ ನನ್ನ ಮಗಳು ಅಲ್ಲಿಯ ಗೆಳತಿಯ ರೂಮಿನಲ್ಲಿ ಕುಳಿತು ಕಾಲೇಜಿನ ಪ್ರಾಜೆಕ್ಟ್ ಬರೆಯುತ್ತಿದ್ದಳು. ಗೆಳತಿಯ ಮೊಣಕೈ ತಾಗಿ ಒಂದು ಲೋಟ ಚಾ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಉಡುಪಿಯ ನಮ್ಮ ಮನೆಗೆ ಫೋನ್ ಬಂತು. “ಅಮ್ಮಾ, ಚಾ ಬಿತ್ತು. ಚಾರ್ಜರ್ ಎಳೆದು, ಆಫ್ ಮಾಡಿ, ಟವೆಲಿನ ಮೇಲೆ ಕವುಚಿ ಹಾಕಿದ್ದೇನೆ.” ಅರ್ಧ ತೆರೆದ ಪುಸ್ತಕವನ್ನು ಕವುಚಿಟ್ಟ ಹಾಗೆ, ಕೀಲಿಗಳು ಕೆಳಮುಖವಾಗಿ. ಮರುದಿನ ನಾವಿಬ್ಬರೂ ಅಲ್ಲಿಯ ಒಂದು ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಯಂತ್ರದ ಕಂಪೆನಿ ಕೇಳಲಿಲ್ಲ, ಬೆಲೆ ಕೇಳಲಿಲ್ಲ. “ಚೆಲ್ಲಿ ಎಷ್ಟು ಹೊತ್ತಿಗೆ ಆಫ್ ಮಾಡಿದ್ದು?” ಎಂದಷ್ಟೇ ಕೇಳಿದ. ಕೂಡಲೇ ಎಂದಳು ಮಗಳು. “ಹಾಗಾದರೆ ಬದುಕುತ್ತದೆ” ಎಂದು ತಿರುಪು ಬಿಚ್ಚತೊಡಗಿದ.

ಅವನು ಕೆಲಸ ಮಾಡುತ್ತಲೇ ಹೇಳಿದ ಮಾತುಗಳನ್ನು ನಾನು ಪಾಠದಂತೆ ಕೇಳಿಸಿಕೊಂಡೆ. ಯಂತ್ರವನ್ನು ಕೊಲ್ಲುವುದು ನೀರಲ್ಲವಂತೆ, ನೀರಿನಲ್ಲಿ ಕರಗಿದ ಉಪ್ಪು ಮತ್ತು ಹುಳಿ, ಅದರ ಜೊತೆಗೆ ಹರಿಯುವ ಕರೆಂಟು. ಕರೆಂಟು ನಿಂತರೆ ಅರ್ಧ ಅಪಾಯ ಹೋಯಿತು. ಬೊಂಡದ ನೀರು ಆರೋಗ್ಯಕ್ಕೆ ಎಷ್ಟು ಒಳ್ಳೆಯದೋ ಕಂಪ್ಯೂಟರಿಗೆ ಅಷ್ಟೇ ಕೆಟ್ಟದು, ಅದರಲ್ಲಿ ಲವಣವೂ ಇದೆ, ಸಕ್ಕರೆಯೂ ಇದೆ. ಕೊನೆಗೆ ಅವನೆಂದ: “ಟೀಚರ್, ಚೆಲ್ಲಿ ಹಾಳಾದದ್ದು ಕಡಿಮೆ. ಚೆಲ್ಲಿದ್ದನ್ನು ಮುಚ್ಚಿಟ್ಟು ಹಾಳಾದದ್ದೇ ಹೆಚ್ಚು ಬರುತ್ತದೆ ನಮ್ಮಲ್ಲಿಗೆ.” ಆ ಮಾತಿನ ತೂಕ ನನಗೆ ಗೊತ್ತಾದದ್ದು ಮರುವರ್ಷ ಕಾರ್ಕಳದಲ್ಲಿ.

2023ರ ಮೇ ರಜೆಯಲ್ಲಿ ನಾಲ್ಕೈದು ದಿನ ತಂಗಿಯ ಮನೆಯಲ್ಲಿದ್ದೆ. ಪುನರ್ಪುಳಿಯ ಕಾಲ. ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಬಿಸಿಲಿಗಿಟ್ಟು ತೆಗೆದ ಕೆಂಪು ರಸ, ಅದಕ್ಕೆ ತಣ್ಣೀರು ಬೆರೆಸಿದರೆ ಶರಬತ್ತು. ತಂಗಿಯ ಮಗ ಏಳನೆಯ ತರಗತಿ ಮುಗಿಸಿದ್ದ. ಹಿಂದಿನ ವರ್ಷ ನಾಲ್ಕು ಲೋಟ ಕುಡಿದು ಐದನೆಯದಕ್ಕೆ ಕೈ ಒಡ್ಡುತ್ತಿದ್ದವನು, ಈ ಸಲ ಲೋಟ ಕಂಡರೆ ಅತ್ತ ಸರಿಯುತ್ತಿದ್ದ. ಊಟವೂ ಅಷ್ಟಕ್ಕಷ್ಟೇ. “ಸೆಕೆಗೆ ಹಾಗಾಗಿದೆ ಅಕ್ಕ” ಎಂದಳು ತಂಗಿ. ಮನೆಯ ಕಂಪ್ಯೂಟರಿನ ಮೇಲೆ ಎಂದೂ ಇಲ್ಲದ ಒಂದು ಹೊದಿಕೆ ಅಚ್ಚುಕಟ್ಟಾಗಿ ಬಿದ್ದುಕೊಂಡಿತ್ತು. ಹುಡುಗನಿಗೆ ಓರಣ ಬಂತು ಎಂದು ತಂಗಿಗೆ ಸಂತೋಷ.

ಮೂರನೆಯ ದಿನ ತಂಗಿಯ ಗಂಡ ಆಮಂತ್ರಣ ಟೈಪು ಮಾಡಲು ಕುಳಿತರು. ಮನೆಯಲ್ಲಿ ಶ್ರೀ ಸತ್ಯನಾರಾಯಣ ಪೂಜೆ. ಪರದೆಯ ಮೇಲೆ ಮೂಡಿದ್ದು ‘ಶರೀ ಸತಯನಾರಾಯಣ ಪೂಜೆ’. ಬಂಧುಗಳನ್ನು ‘ಆಗಮಿಸಿ’ ಎಂದು ಕರೆಯಹೋದರೆ ‘ಆಗಗಗಗಗಮಿಸಿ’ ಎಂದು ಮೃದಂಗ ಬಾರಿಸಿತು. “ಅತ್ತಿಗೆ, ನೀವು ಕನ್ನಡ ಟೀಚರಲ್ಲವೇ, ಇದು ಯಾವ ಸಂಧಿ ನೋಡಿ” ಎಂದು ನನ್ನನ್ನು ಕರೆದರು. ಸಂಧಿಯಲ್ಲ, ಕೀಲಿಯ ಸಂದಿಯದೇ ತೊಂದರೆ ಎಂದು ನೋಡಿದ ಕೂಡಲೇ ತಿಳಿಯಿತು.

ಕನ್ನಡ ಟೈಪು ಮಾಡದ ಓದುಗರಿಗಾಗಿ ಇಲ್ಲೊಂದು ಮಾತು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ನಮ್ಮ ಇಡೀ ವರ್ಣಮಾಲೆಯನ್ನು ಕೂರಿಸಿದವರು ನಮ್ಮ ಕಡೆಯವರೇ, ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ‘ಸೇಡಿಯಾಪು’ ಎಂದೇ ಕರೆದರು. ಮುಂದೆ ‘ನುಡಿ’ಯಲ್ಲಿ ಬಂದದ್ದೂ ಅವರ ವಿನ್ಯಾಸವೇ. ಅದರಲ್ಲಿ ಎಫ್ ಕೀಲಿಗೆ ತನ್ನದೆಂದು ಹೇಳಿಕೊಳ್ಳುವ ಅಕ್ಷರವಿಲ್ಲ. ಒಂದಕ್ಷರವನ್ನು ಇನ್ನೊಂದಕ್ಕೆ ಸೇರಿಸುವುದೇ ಅದರ ಕೆಲಸ. ಎರಡು ಮಕಾರಗಳ ನಡುವೆ ಅದನ್ನು ಒತ್ತಿದರೆ ‘ಮ್ಮ’, ಒತ್ತದಿದ್ದರೆ ‘ಮಮ’. ತಂಗಿಯ ಮನೆಯಲ್ಲಿ ಒತ್ತಿದರೂ ಇಳಿಯದೆ ಕುಳಿತದ್ದು ಆ ಕೀಲಿ. ಇಳಿದದ್ದು ಏಳದೆ ಕುಳಿತದ್ದು ಅದರ ಪಕ್ಕದ ಗಕಾರ.

ರಾತ್ರಿ ಜಗಲಿಯಲ್ಲಿ ಕುಳಿತಿದ್ದಾಗ ಹುಡುಗ ಹತ್ತಿರ ಬಂದ. “ದೊಡ್ಡಮ್ಮ, ಕೀಬೋರ್ಡಿಗೆ ಎಷ್ಟು ಸಾವಿರ?” ಸಾವಿರವಿಲ್ಲ ಮಗಾ, ಸಾಧಾರಣದ್ದಾದರೆ ಐನೂರರ ಒಳಗೇ ಸಿಗುತ್ತದೆ ಎಂದೆ. ಅವನ ಕಣ್ಣಿನಿಂದ ನೀರು ದಳದಳ ಇಳಿಯಿತು. ಇಡೀ ಕಂಪ್ಯೂಟರ್ ಸುಟ್ಟುಹೋಗಿದೆ, ಅಪ್ಪನ ಒಂದು ತಿಂಗಳ ಸಂಬಳ ಹೋಯಿತು ಎಂದು ಆ ಮಗು ಮೂರು ದಿನ ಒಬ್ಬನೇ ಲೆಕ್ಕ ಹಾಕಿತ್ತು. ಶರಬತ್ತು ಚೆಲ್ಲಿದ್ದನ್ನು ಬೈರಾಸಿನಿಂದ ಒರೆಸಿ, ಮೇಲೊಂದು ಹೊದಿಕೆ ಹಾಕಿ, ದೇವರಿಗೆ ಕೈಮುಗಿದಿದ್ದನಂತೆ. ಅವನ ಅಪ್ಪ ಕೆಟ್ಟವರಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲಿ. “ನೀನೇ ಹೇಳು, ನಾನು ಹತ್ತಿರ ನಿಲ್ಲುತ್ತೇನೆ” ಎಂದೆ. ಹೇಳಿದ. ಅವರು ಬಾಯಿ ತೆರೆದರು, ಮಗನ ಮುಖ ನೋಡಿ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, “ಅವತ್ತೇ ಹೇಳಬಾರದಿತ್ತಾ?” ಎಂದರು. “ಬೈತೀರಿ ಅಂತ” ಎಂದ ಹುಡುಗ. ಆ ಎರಡು ಪದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಮಗನ ಕೈಗೆ ಕೊಟ್ಟರು.

ಹೊಸದೊಂದು ತಂದರೆ ಮುಗಿಯಿತಲ್ಲ ಎಂದಳು ತಂಗಿ. ಮುಗಿಯುತ್ತಿತ್ತು. ಆದರೆ ಹುಡುಗನ ಪಾಲಿಗೆ ಕೆಡಿಸಿದ ನೆನಪು ಮಾತ್ರ ಉಳಿಯುತ್ತಿತ್ತು, ಸರಿಮಾಡಿದ ನೆನಪು ಇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾವು ಮೂವರೂ ಚಾಪೆ ಹಾಸಿ ಕುಳಿತೆವು. ಮೊದಲು ಕಂಪ್ಯೂಟರ್ ಆಫ್ ಮಾಡಿ ವಯರು ತೆಗೆದದ್ದು. ಆಮೇಲೆ ಮೊಬೈಲಿನಲ್ಲಿ ಕೀಲಿಗಳ ಫೋಟೋ ತೆಗೆದದ್ದು, ಮತ್ತೆ ಜೋಡಿಸುವಾಗ ಯಾವುದು ಎಲ್ಲಿತ್ತೆಂದು ಜಗಳವಾಗಬಾರದಲ್ಲ. ಚಮಚದ ಹಿಡಿಗೆ ಬಟ್ಟೆ ಸುತ್ತಿ ಒಂದೊಂದೇ ಕೀಲಿಯ ಟೊಪ್ಪಿಯನ್ನು ಮೆಲ್ಲನೆ ಎಬ್ಬಿಸಿದೆವು. ಉದ್ದದ ಸ್ಪೇಸ್ ಕೀಲಿಯ ಕೆಳಗೆ ತಂತಿ ಇರುವುದರಿಂದ ಅದನ್ನು ಮುಟ್ಟಲಿಲ್ಲ. ಟೊಪ್ಪಿಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿಗೆ ಹಾಕಿ ಹುಡುಗ ಅಕ್ಕಿ ತೊಳೆದ ಹಾಗೆ ತೊಳೆದ. ಹಿಂಬದಿಯ ತಿರುಪುಗಳನ್ನು ಬಿಚ್ಚಿದರೂ ಮುಚ್ಚಳ ಬರಲಿಲ್ಲ. ನೋಡಿದರೆ ಒಂದು ತಿರುಪು ಚೀಟಿಯ ಅಡಿಯಲ್ಲಿ ಅಡಗಿತ್ತು.

ಒಳಗೆ ಒಂದು ರಬ್ಬರ್ ಹಾಳೆ. ಗುಳಿಯಪ್ಪದ ಕಾವಲಿಯನ್ನು ಕವುಚಿದಂತೆ ಸಾಲು ಸಾಲು ಉಬ್ಬುಗಳು. ಕೀಲಿಯನ್ನು ಮೇಲಕ್ಕೆ ಎಬ್ಬಿಸುವುದು ಇವೇ. ಅದರ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನದರಲ್ಲೂ ಕೆಳಗಿನದರಲ್ಲೂ ಕರೆಂಟು ಹರಿಯುವ ಗೆರೆಗಳ ರಂಗೋಲಿ, ನಡುವಿನದರಲ್ಲಿ ಬರೀ ತೂತುಗಳು. ಕೀಲಿ ಒತ್ತಿದಾಗ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನದನ್ನು ಮುಟ್ಟುತ್ತದೆ, ಅಕ್ಷರ ಮೂಡುತ್ತದೆ. ಎಫ್ ಕೀಲಿಯ ಜಾಗದಲ್ಲಿ ಶರಬತ್ತು ಒಣಗಿ ಚಿಕ್ಕಿಯ ಪಾಕದಂತೆ ಗಟ್ಟಿಯಾಗಿತ್ತು.

ತಂಗಿಯ ಗಂಡ ಸ್ಪಿರಿಟ್ ಹಾಕಿ ಉಜ್ಜೋಣ ಎಂದರು. ಬೆಲ್ಲ ಹಿಡಿದ ಪಾತ್ರೆಯನ್ನು ನಾವು ಉಜ್ಜುತ್ತೇವೆಯೇ, ನೆನೆಹಾಕುತ್ತೇವೆ ಎಂದೆ. ಸಕ್ಕರೆ ಕರಗುವುದು ನೀರಿನಲ್ಲಿ, ಸ್ಪಿರಿಟ್ಟಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಆದರೆ ಬಾವಿಯ ನೀರಿನಲ್ಲಿ ಲವಣಗಳಿರುತ್ತವೆ, ಒಣಗಿದ ಮೇಲೆ ಅವು ಅಲ್ಲೇ ಉಳಿಯುತ್ತವೆ. ಮಣಿಪಾಲದ ಹುಡುಗ ಹೇಳಿದಂತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತರಿಸಿದೆ. ಹತ್ತಿಯನ್ನು ಅದರಲ್ಲಿ ಅದ್ದಿ ಕಲೆಯ ಮೇಲಿಟ್ಟು ಸುಮ್ಮನೆ ಕಾದೆವು. ಕೆಂಪು ಬಣ್ಣ ತಾನಾಗಿ ಹತ್ತಿಗೆ ಏರಿತು. ನಾಲ್ಕು ಸಲ ಹಾಗೆ ಮಾಡಿ, ಗೆರೆಗಳನ್ನು ಕೆರೆಯದೆ ಮೆತ್ತಗೆ ಒರೆಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಎಂಬ ಸ್ಪಿರಿಟ್ಟಿನ ಹತ್ತಿಯಿಂದ ಒಮ್ಮೆ ಒರೆಸಿದೆವು. ನೀರಿನ ಪಸೆಯನ್ನು ಬೇಗ ಹಾರಿಸುವುದಕ್ಕೆ ಅದು ಬೇಕು. ಮೂಲೆಯಲ್ಲಿದ್ದ ಸಣ್ಣ ಸರ್ಕ್ಯೂಟ್ ಹಲಗೆಗೆ ನೀರು ತಾಗದಂತೆ ಹುಡುಗ ಕಾವಲು ಕಾದ. ಇಷ್ಟೆಲ್ಲ ಸಾಮಾನ್ಯ ಕೀಲಿಮಣೆಗೆ ಮಾತ್ರ. ಲ್ಯಾಪ್‌ಟಾಪಾದರೆ ಕವುಚಿಟ್ಟು ತಿಳಿದವರ ಹತ್ತಿರ ಒಯ್ಯುವುದೇ ಲೇಸು.

ಒಣಗಿಸುವುದೇ ದೊಡ್ಡ ತಪಸ್ಸು. ಬಿಸಿಲಿಗಿಡೋಣ ಎಂದಳು ತಂಗಿ, ಹಪ್ಪಳದ ಅಭ್ಯಾಸ. ಬಿಸಿಲಿಗೂ ಕೂದಲು ಒಣಗಿಸುವ ಯಂತ್ರದ ಬಿಸಿಗೂ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಕ್ಕಿಯ ಡಬ್ಬದಲ್ಲಿ ಹುಗಿದರೆ ಅಕ್ಕಿಯ ಹಿಟ್ಟು ಸಂದಿಗೆ ಸೇರುತ್ತದೆ. ಫ್ಯಾನಿನ ಗಾಳಿಯೇ ಸರಿ. ಮಳೆ ಬರುವ ಮುಂಚಿನ ನಮ್ಮ ಕರಾವಳಿಯ ಸೆಕೆಯಲ್ಲಿ ಬಟ್ಟೆಯೇ ಬೇಗ ಒಣಗದು. ಎರಡು ದಿನ ಕಾದೆವು. ಆಮೇಲೆ ಹುಡುಗ ಫೋಟೋ ನೋಡಿಕೊಂಡು ಎಲ್ಲ ಟೊಪ್ಪಿಗಳನ್ನೂ ಕೂರಿಸಿ, ಪರೀಕ್ಷೆಗೆಂದು ಬಾಯಿಗೆ ಬಂದದ್ದು ಬರೆದ. ಅಮ್ಮ, ಅಪ್ಪ, ಅಜ್ಜ, ಅಜ್ಜಿ, ಅಕ್ಕ, ಅಣ್ಣ, ಅತ್ತೆ, ದೊಡ್ಡಮ್ಮ. ಆಗ ನೋಡಿದೆ, ನಮ್ಮ ಸಂಬಂಧದ ಎಷ್ಟೊಂದು ಹೆಸರುಗಳಲ್ಲಿ ಒತ್ತಕ್ಷರವಿದೆ! ಆ ಒಂದು ಕೀಲಿ ಅಂಟಿಕೊಂಡರೆ ಮನೆಮಂದಿಯನ್ನೇ ಸರಿಯಾಗಿ ಬರೆಯಲಾಗದು. ಗಕಾರ ಇನ್ನೂ ಸ್ವಲ್ಪ ಬಿಗಿಯಾಗಿತ್ತು, ಇಂದಿಗೂ ಹಾಗೆಯೇ ಇದೆಯಂತೆ. ಪೂಜೆಯ ಆಮಂತ್ರಣವನ್ನು ಮಗನೇ ಟೈಪು ಮಾಡಿದ. ಅಪ್ಪ ಪಕ್ಕದಲ್ಲಿ ಕುಳಿತು ತಪ್ಪು ತಿದ್ದಿದರು, ಬೈಯದೆ.

ಜೂನಿನಲ್ಲಿ ಶಾಲೆ ತೆರೆಯಿತು. ಕಾಪುವಿನ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಬಾಟಲಿಯಿಂದ ಮಜ್ಜಿಗೆ ಚೆಲ್ಲಿತು. ನಾನು ಬಾಗಿಲಲ್ಲೇ ಇದ್ದೆ. ಅವಳು ಎದ್ದು ನಿಂತು, “ಸರ್, ಮಜ್ಜಿಗೆ ಚೆಲ್ಲಿತು” ಎಂದಳು, ಹಾಜರಿ ಹೇಳಿದಷ್ಟು ಸರಾಗವಾಗಿ. ಕಂಪ್ಯೂಟರ್ ಕಲಿಸುವ ಮೇಷ್ಟ್ರು, “ಮೊದಲು ವಯರು ತೆಗಿ, ಕವುಚಿ ಹಿಡಿ” ಎಂದು ಬಟ್ಟೆ ಎಸೆದರು. ಎಲ್ಲ ಆದ ಮೇಲೆಯೇ, “ಇಲ್ಲಿಗೆ ಬಾಟಲಿ ತರಬಾರದೆಂದು ಹೇಳಿಲ್ಲವೇ?” ಎಂದರು. ಒಣಗುವ ಮೊದಲೇ ತೊಳೆದದ್ದರಿಂದ ಕೀಲಿಗಳು ಅಂಟಲಿಲ್ಲ, ಹಾಲಿನ ವಾಸನೆಯೂ ಉಳಿಯಲಿಲ್ಲ. ಕಾರ್ಕಳದಲ್ಲಿ ಪಾಕವನ್ನು ನೆನೆಹಾಕಿ ಕರಗಿಸಬೇಕಾಯಿತು, ಇಲ್ಲಿ ಒರೆಸಿದರೆ ಸಾಕಾಯಿತು. ನಡುವಿನ ವ್ಯತ್ಯಾಸ ಇಷ್ಟೇ, ಅವಳು ಕೂಡಲೇ ಹೇಳಿದಳು. ಹೇಳಲು ಅವಳಿಗೆ ಭಯವಿರಲಿಲ್ಲ. ಮೇಷ್ಟ್ರು ಗದರಿಸಲೂ ಗದರಿಸಿದರು, ಆದರೆ ಎರಡನೆಯದಾಗಿ.

ಇಪ್ಪತ್ತೆಂಟು ವರ್ಷ ಮಕ್ಕಳ ನಡುವೆ ಕಳೆದವಳಾಗಿ ಒಂದು ಮಾತು ಹೇಳುತ್ತೇನೆ. ಮಕ್ಕಳು ಮುಚ್ಚಿಡುವುದು ಸುಳ್ಳು ಹೇಳುವ ಆಸೆಯಿಂದಲ್ಲ, ನಮ್ಮ ಮೊದಲ ಮಾತಿನ ಹೆದರಿಕೆಯಿಂದ. ಹರಿದ ಪುಸ್ತಕ, ಕಳೆದ ಕೊಡೆ, ಕಡಿಮೆ ಬಂದ ಅಂಕ, ಎಲ್ಲವೂ ಹಸಿಯಾಗಿರುವಾಗ ಒರೆಸಿದರೆ ಹೋಗುವಂಥವೇ. ಒಣಗಿದ ಮೇಲೆ ಅಂಟು. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಮುಚ್ಚಿಡುವ ಸಂಗತಿಗಳು ಐನೂರು ರೂಪಾಯಿಯ ಕೀಲಿಮಣೆಗಿಂತ ದೊಡ್ಡವಿರುತ್ತವೆ. ಅವನ್ನು ಹೇಳುವ ಬಾಯಿ ಇಂಥ ಸಣ್ಣ ಚೆಲ್ಲಾಟಗಳಲ್ಲೇ ಪಳಗಬೇಕು. ಬೈಯಲೇಬಾರದು ಎಂದು ನಾನು ಹೇಳುವವಳಲ್ಲ. ಮೊದಲು ಬಟ್ಟೆ ಕೊಡೋಣ, ಬೈಗುಳ ಒಣಗಿದ ಮೇಲೆ.